ಮೂರು ಗುಳಿಗೆ, ಒಂದು ಚೀಟಿ

ಮೂರು ತಿಂಗಳಿಂದ ನಾನು ಬೆಳಿಗ್ಗೆ ಓಟ್ಸ್ ತಿನ್ನುತ್ತಿದ್ದೇನೆ. ದಯವಿಟ್ಟು ಯಾರೂ ಸಾಂತ್ವನ ಹೇಳಲು ಮನೆಗೆ ಬರಬೇಡಿ. ಬಂದರೆ ನಿಮಗೂ ಅದನ್ನೇ ಕೊಡುತ್ತಾರೆ.

ಆದದ್ದು ಇಷ್ಟೆ. ಒಂದು ಸಂಜೆ ಕಚೇರಿಯಲ್ಲಿ ಕುರ್ಚಿಯಿಂದ ಎದ್ದಾಗ ಎದುರಿನ ಗೋಡೆ ಸ್ವಲ್ಪ ಸರಿದಂತಾಯಿತು. ಇನ್ನೊಬ್ಬರಿಂದ ಖಚಿತಪಡಿಸಿಕೊಳ್ಳದೆ ಯಾವುದನ್ನೂ ನಂಬುವ ಅಭ್ಯಾಸ ನನಗಿಲ್ಲ. ಪಕ್ಕದ ಮೇಜಿನ ಉಪಸಂಪಾದಕರನ್ನು ಕೇಳಿದೆ. ಗೋಡೆ ಅಲ್ಲೇ ಇತ್ತಂತೆ. ಮರುದಿನ ಡಾಕ್ಟರ ಬಳಿ ಹೋದೆ.

ಬಿಪಿ ನೂರಾ ಅರವತ್ತೆಂಟು, ನೂರಾ ಎರಡು. ರಕ್ತ ಪರೀಕ್ಷೆಯ ವರದಿ ಬಂದ ಮೇಲೆ ಕೊಲೆಸ್ಟ್ರಾಲ್ ಕೂಡ ಜೊತೆಗೆ ಸೇರಿಕೊಂಡಿತು. ಡಾಕ್ಟರು ನನ್ನ ಕೈಗೆ ಒಂದು ಹಾಳೆ ಕೊಟ್ಟರು. ಮೇಲೆ ದಪ್ಪಕ್ಷರದಲ್ಲಿ ‘ಜೀವನಶೈಲಿ ಬದಲಾವಣೆ’ ಎಂದಿತ್ತು. ಕೆಳಗೆ ನಾನು ಈ ಲೋಕದಲ್ಲಿ ಇಷ್ಟಪಡುವ ಎಲ್ಲ ಪದಾರ್ಥಗಳ ಹೆಸರೂ ಇತ್ತು. ಎದುರಿಗೆ ಕೆಂಪು ಗೀಟು.

‘ಟೆನ್ಷನ್ ಮಾಡ್ಕೋಬ್ಯಾಡ್ರಿ’ ಎಂದರು.

‘ಡಾಕ್ಟ್ರೇ, ನಾ ಪೇಪರ್‌ನಾಗ ಕೆಲಸ ಮಾಡ್ತೇನಿ.’

‘ಹಂಗಾದ್ರ ಪೇಪರ್ ಓದಬ್ಯಾಡ್ರಿ.’

(ಈ ಸಲಹೆಯನ್ನು ನಮ್ಮ ಓದುಗರಲ್ಲಿ ಹಲವರು ಈಗಾಗಲೇ ಪಾಲಿಸುತ್ತಿದ್ದಾರೆ ಎಂದು ಪ್ರಸಾರ ವಿಭಾಗದವರು ಹೇಳುತ್ತಾರೆ.)

ಭಾಲ್ಕಿಯಲ್ಲಿರುವ ನಮ್ಮಕ್ಕನಿಗೆ ವಿಷಯ ತಿಳಿದು ಫೋನ್ ಬಂತು. ಅಳುತ್ತಾಳೆ ಎಂದುಕೊಂಡಿದ್ದೆ. ‘ಬಿಪಿ ಬಂತಂತ? ಚಲೋ ಆಯ್ತು ಬಿಡಪಾ, ಈಗರೆ ದೊಡ್ಡ ಮನಷ್ಯಾ ಆದಿ. ನಮ್ಮ ಓಣ್ಯಾಗ ಬಂಗಲೆದವ್ರಿಗೆಲ್ಲಾ ಅದ’ ಎಂದಳು. ಆಮೇಲೆ, ‘ನಾ ಕಳಿಸಿದ ಲಿಂಬಿಕಾಯಿ ಉಪ್ಪಿನಕಾಯಿ ಡಬ್ಬಿ ವಾಪಸ್ ಕಳಸು, ನಿನಗ ನಡಿಯಾಂಗಿಲ್ಲ’ ಎಂದಳು. ಅನುಕಂಪಕ್ಕೂ ಒಂದು ಮಿತಿ ಇರುತ್ತದೆ.

ಹಾಳೆಯಲ್ಲಿ ದಿನಕ್ಕೆ ನಲವತ್ತು ನಿಮಿಷ ನಡಿಗೆ ಎಂದಿತ್ತು. ಬೀದರಿನಲ್ಲಿ ನಡೆಯುವುದಕ್ಕೆ ಕೋಟೆಯಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಅಲ್ಲಿ ಬೆಳಗಿನ ಆರಕ್ಕೆ ಒಂದು ಗುಂಪು ಸೇರುತ್ತದೆ. ನಿವೃತ್ತ ಅಧಿಕಾರಿಗಳು, ಇಬ್ಬರು ಬಟ್ಟೆ ವ್ಯಾಪಾರಿಗಳು, ಒಬ್ಬ ಪ್ರೊಫೆಸರ್. ಎಲ್ಲರೂ ಬಿಳಿ ಶೂ ಹಾಕಿ, ತಮ್ಮ ತಮ್ಮ ನಂಬರ್ ಹೇಳಿಕೊಳ್ಳುತ್ತಾ ನಡೆಯುತ್ತಾರೆ. ನನ್ನ ನಂಬರ್ ಹೇಳಿದಾಗ ಅವರ ಮುಖದಲ್ಲಿ ಅಂಥ ಗೌರವವೇನೂ ಕಾಣಲಿಲ್ಲ. ಅಲ್ಲಿ ನೂರಾ ತೊಂಬತ್ತರವರೂ ಇದ್ದಾರೆ.

ನಲವತ್ತು ನಿಮಿಷ ಮುಗಿದ ಮೇಲೆ ಈ ಗುಂಪು ನೇರವಾಗಿ ಹೋಗುವುದು ಮಿರ್ಚಿ ಭಜ್ಜಿಯ ಬಂಡಿಗೆ. ‘ಕೊಲೆಸ್ಟ್ರಾಲ್ ಸುಟ್ಟೇವಲ್ರಿ, ಜಾಗ ಖಾಲಿ ಆಗ್ಯದ’ ಎಂದು ಪ್ರೊಫೆಸರ್ ವಿವರಿಸಿದರು. ವಿಜ್ಞಾನದ ಪ್ರೊಫೆಸರ್. ನಾನು ಯಾಕೆ ವಾದಿಸಲಿ?

ಹೀಗೆ ನನ್ನ ಜೀವನಶೈಲಿ ಬದಲಾಗುತ್ತಿದ್ದಾಗ ಔರಾದ ತಾಲೂಕಿಗೆ ಹೋಗುವ ಕೆಲಸ ಬಿತ್ತು. ಈ ವರ್ಷವೂ ಮಳೆ ಕೈಕೊಟ್ಟಿದೆ. ಸೋಯಾ ಗೇಣುದ್ದಕ್ಕೆ ಬಂದು ನಿಂತಿದೆ. ದೀಪಾವಳಿಗೂ ಮೊದಲೇ ಊರುಗಳು ಖಾಲಿಯಾಗಲು ಶುರುವಾಗಿವೆ. ಗಡಿಯಾಚೆ ಕಬ್ಬು ಕಡಿಯಲು ಹೋಗುವವರ ಬಗ್ಗೆ ಒಂದು ವರದಿ ಬೇಕು ಎಂದರು ಸಂಪಾದಕರು. ಬಸ್ಸಿನಲ್ಲಿ ಔರಾದ, ಅಲ್ಲಿಂದ ಶೇರ್ ಆಟೋದಲ್ಲಿ ಒಂದು ಹಳ್ಳಿ. (ಊರಿನ ಹೆಸರು ಬರೆಯುವುದಿಲ್ಲ. ಯಾಕೆಂದು ಮುಂದೆ ನಿಮಗೇ ತಿಳಿಯುತ್ತದೆ.)

ಹೋದರೆ, ಶಾಲೆಯ ಪಡಸಾಲೆಯಲ್ಲಿ ಆರೋಗ್ಯ ಶಿಬಿರ. ಬಿಪಿ, ಶುಗರ್ ತಪಾಸಣೆ. ತಿಂಗಳಿಗೊಮ್ಮೆ ಬರುತ್ತಾರಂತೆ. ಒಬ್ಬ ಯುವ ವೈದ್ಯೆ, ಒಬ್ಬ ಸಹಾಯಕ, ಜೊತೆಗೆ ಆಹಾರದ ಬಗ್ಗೆ ತಿಳಿವಳಿಕೆ ಕೊಡಲು ಬಂದ ಒಬ್ಬ ಹುಮ್ಮಸ್ಸಿನ ಹೆಣ್ಣುಮಗಳು. ಆಕೆಯ ಕೈಯಲ್ಲಿ ಬಣ್ಣದ ಚಾರ್ಟ್. ಚಾರ್ಟಿನಲ್ಲಿ ಸೇಬು, ಸೌತೆಕಾಯಿ ಸಲಾಡ್ ಮತ್ತು ಪಾರ್ಕಿನಲ್ಲಿ ಓಡುತ್ತಿರುವ ದಂಪತಿ.

‘ದಿನಾ ನಲವತ್ತು ನಿಮಿಷ ನಡೀಬೇಕು’ ಎಂದಳು ಆಕೆ.

‘ನೀರಿಗಿ ಹೋಗೂದು ಇದರಾಗ ಹಿಡೀತದೇನ್ರಿ ಬಾಯಿ?’ ಕೂತವರಲ್ಲಿ ಒಬ್ಬ ಮುದುಕಿ ಕೇಳಿದಳು.

‘ಹಾಗಲ್ಲಮ್ಮ, ಆರಾಮಾಗಿ, ಕೈ ಬೀಸಿಕೊಂಡು ನಡೀಬೇಕು.’

‘ಕೈ ಬೀಸಿದ್ರ ಕೊಡಾ ಯಾರ ಹಿಡೀಬೇಕ್ರಿ?’

ಪಡಸಾಲೆ ನಕ್ಕಿತು. ಆಕೆ ಚಾರ್ಟಿನ ಮುಂದಿನ ಚಿತ್ರಕ್ಕೆ ಹೋದಳು. ‘ಎಣ್ಣೆ ಕಡಿಮೆ ಮಾಡಿ.’

‘ಮಾಡೇವ್ರಿ. ನಾವು ಮಾಡೂಕಿಂತ ಮೊದಲ ಅಂಗಡ್ಯಾವೇ ಮಾಡ್ಯಾನ.’

‘ಟೆನ್ಷನ್ ತಗೋಬೇಡಿ.’

‘ನಾವೆಲ್ಲಿ ತಗೋತೇವ್ರಿ? ಅದೇ ಮನಿ ತನಕ ಬಂದು ಕೊಟ್ಟ ಹೋಗ್ತದ.’

ಹೇಳುವವಳ ತಪ್ಪೇನಿಲ್ಲ. ಆಕೆ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ನಡೆಯಬೇಕು, ಉಪ್ಪು ಎಣ್ಣೆ ಇಳಿಸಬೇಕು, ಗುಳಿಗೆ ತಪ್ಪಿಸಬಾರದು, ನಿದ್ದೆ ಮಾಡಬೇಕು. ಇದನ್ನೇ ನನಗೂ ಹೇಳಿದ್ದರು. ಒಂದೇ ವ್ಯತ್ಯಾಸ, ನನ್ನ ಬಳಿ ಬದಲಾಯಿಸುವುದಕ್ಕೆ ಒಂದು ಶೈಲಿ ಇತ್ತು.

ನಾನು ಸಾಲಿನ ಕೊನೆಯಲ್ಲಿ ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿದ್ದ ಹೆಂಗಸು ಶೇವಂತಾಬಾಯಿ. ವಯಸ್ಸು ನಲವತ್ತೈದರ ಆಸುಪಾಸು. ಕೈಯಲ್ಲಿ ತಪಾಸಣೆಯ ಕಾರ್ಡು. ಊರಿನಿಂದ ಯಾರು ಯಾರು ಹೋಗುತ್ತಾರೆ ಎಂದು ಕೇಳುತ್ತಾ ಮಾತು ಶುರುಮಾಡಿದೆ. ಅವಳೂ ಹೋಗುವವಳೇ. ಗಂಡ ಮಾರುತಿ ಹೊರಗೆ ಬೇವಿನ ಗಿಡದ ಕೆಳಗೆ ಕಾಯುತ್ತಿದ್ದ.

ಕಬ್ಬು ಕಡಿಯುವ ಕೆಲಸಕ್ಕೆ ಒಬ್ಬೊಬ್ಬರಾಗಿ ಹೋಗುವಂತಿಲ್ಲ. ಜೋಡಿಯಾಗಿ ಹೋಗಬೇಕು. ಒಬ್ಬರು ಕಡಿಯಬೇಕು, ಇನ್ನೊಬ್ಬರು ಸೋಗೆ ಸವರಿ ಕಟ್ಟು ಕಟ್ಟಬೇಕು. ಗುಂಪು ಒಯ್ಯುವ ಮುಕಾದಮನ ಎಣಿಕೆ ನಡೆಯುವುದೇ ಜೋಡಿಗಳಲ್ಲಿ. ಅರ್ಧ ಜೋಡಿಗೆ ಅಲ್ಲಿ ಕೆಲಸವಿಲ್ಲ, ಗುಡಿಸಲೂ ಇಲ್ಲ. ಹೆಂಡತಿ ಹೋಗದಿದ್ದರೆ ಗಂಡನೂ ಉಳಿದಂತೆ. ಊರಲ್ಲಿ ಉಳಿದರೆ? ಕೆರೆ ಹೂಳೆತ್ತುವ ಕೆಲಸ ಇನ್ನೊಂದು ವಾರಕ್ಕೆ ಮುಗಿಯುತ್ತಿತ್ತು. ಅದರಾಚೆ ಏನೂ ಇರಲಿಲ್ಲ.

ಹೋದ ಹಂಗಾಮಿನಲ್ಲಿ ಇದೇ ಗುಂಪಿನ ಒಬ್ಬ ಹೆಂಗಸು ಕಬ್ಬಿನ ಹೊಲದಲ್ಲೇ ಬಿದ್ದಳಂತೆ. ಬಿಪಿ ಏರಿತ್ತಂತೆ. ಆಸ್ಪತ್ರೆಗೆ ಓಡಾಡಿ ಸುಸ್ತಾದ ಮುಕಾದಮ ಈ ವರ್ಷ ಒಂದು ನಿಯಮ ಮಾಡಿದ್ದ: ಯಾರು ಬಿಪಿ ಗುಳಿಗೆ ನುಂಗುತ್ತಾರೋ ಅವರು ‘ಕಂಟ್ರೋಲ್ ಅದ’ ಎಂದು ಡಾಕ್ಟರರಿಂದ ಚೀಟಿ ತರಬೇಕು. ಹೋದ ತಿಂಗಳ ಶಿಬಿರದಲ್ಲಿ ಶೇವಂತಾಬಾಯಿಗೆ ನೂರಾ ಎಪ್ಪತ್ತು ದಾಟಿತ್ತು. ಗುಳಿಗೆ ಕೊಟ್ಟು, ಒಂದು ತಿಂಗಳು ಬಿಟ್ಟು ಬಾ ಎಂದಿದ್ದರು. ಗುಂಪು ಹೊರಡುವುದಕ್ಕೆ ಇನ್ನು ನಾಲ್ಕೇ ದಿನ.

‘ನಿಮಗೂ ಅದೇನ್ರಿ ಬಿಪಿ?’ ಎಂದು ಕೇಳಿದಳು.

‘ಅದ.’

‘ನಿಮ್ದೂ ಇವತ್ತೇ ಏನ್ರಿ ಚೀಟಿ?’

‘ನನಗ ಚೀಟಿ ಬ್ಯಾಡ ಬಾಯಿ. ಸುಮ್ಮ ಕೂತೀನಿ.’

ಆದರೂ ಒಂದೇ ಬೇನೆಯವರು ಎಂಬ ಸಲಿಗೆ ಬಂತು. ಬೀದರಿನಲ್ಲಿ ಬಿಳಿ ಶೂನವರ ನಡುವೆ ಸಿಗದ ಸಲಿಗೆ. ಅವಳು ದನಿ ತಗ್ಗಿಸಿದಳು.

‘ಉಪ್ಪು ಕಡಿಮಿ ಮಾಡು ಅಂದಿದ್ರು. ನಾ ಪೂರಾನೇ ಬಿಟ್ಟೇನ್ರಿ. ಒಂದ್ ತಿಂಗಳಾಯ್ತು, ಒಂದ್ ಹರಳ ಉಪ್ಪು ಬಾಯಾಗ ಹಾಕಿಲ್ಲ. ರೊಟ್ಟಿ, ಖಾರದ ಪುಡಿ, ನೀರು.’

‘ಕೆರಿ ಕೆಲಸಕ್ಕ ಹೋಗ್ಲತ್ತೀರಿ ಅಲ್ಲ? ಬಿಸಲಾಗ?’

‘ಹೋಗ್ಲತ್ತೇನಿ. ಜರಾ ಚಕ್ಕರ ಬರ್ತದ. ಬಿಪಿ ಇಳಿಲತ್ತಿರಬೇಕು ಅಂತ ಸುಮ್ಮನದೀನಿ.’ ನಂತರ ಇನ್ನೂ ಹತ್ತಿರ ಸರಿದು, ಪರೀಕ್ಷೆಯ ಪ್ರಶ್ನೆಪತ್ರಿಕೆ ಸಿಕ್ಕವರ ಗುಟ್ಟಿನಲ್ಲಿ ಹೇಳಿದಳು: ‘ಎರಡ ದಿನದ ಗುಳಗಿ ತಗೊಳ್ಳದೆ ಇಟಗೊಂಡಿದ್ದೆ. ಇವತ್ತಿಂದು ಒಂದು ಸೇರಿಸಿ ಮುಂಜಾನಿ ಮೂರೂ ಒಮ್ಮೆಲೇ ನುಂಗೀನಿ. ಮಷಿನ್ ಏನ್ ತೋರಸ್ತದ ನೋಡಮು ಇವತ್ತ. ನೀವೂ ಚೀಟಿ ಬೇಕಾದಾಗ ಹಂಗೇ ಮಾಡ್ರಿ ಅಣ್ಣಾರ.’

ಒಂದು ತಿಂಗಳ ಕಾಯಿಲೆಗೆ ಒಂದು ಬೆಳಗಿನ ತಯಾರಿ. ನಗುವಂತಿಲ್ಲ. ಡಾಕ್ಟರ ಬಳಿ ಹೋಗುವ ಹಿಂದಿನ ದಿನ ಮಾತ್ರ ನಾನು ಭಜ್ಜಿ ಬಿಡುತ್ತಿದ್ದೆ.

ಅವಳ ಸರದಿ ಬಂತು. ಸಹಾಯಕ ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದ. ಮಷಿನ್ ಗುಂಯ್‌ಗುಟ್ಟಿ ನಿಂತಿತು. ತೊಂಬತ್ತೆರಡು, ಐವತ್ತೆಂಟು.

‘ಅರೇ ವ್ಹಾ! ಪೂರಾ ಡೌನ್!’ ಎಂದ ಸಹಾಯಕ. ಆಹಾರದ ಹೆಣ್ಣುಮಗಳು ಚಪ್ಪಾಳೆ ತಟ್ಟಿ ಉಳಿದವರತ್ತ ತಿರುಗಿದಳು. ‘ನೋಡಿ, ಮನಸ್ಸು ಮಾಡಿದರೆ ಹೇಗೆ ಆಗತ್ತೆ! ಇವರನ್ನ ನೋಡಿ ಎಲ್ಲರೂ ಕಲೀಬೇಕು.’ ರಿಜಿಸ್ಟರಿನಲ್ಲಿ ಶೇವಂತಾಬಾಯಿಯ ಹೆಸರಿನ ಮುಂದೆ ‘ನಿಯಂತ್ರಣದಲ್ಲಿದೆ’ ಎಂದು ದಾಖಲಾಯಿತು. ಸಾಲಿನಲ್ಲಿ ಇನ್ನೂ ಮೂವತ್ತು ಜನ ಕಾಯುತ್ತಿದ್ದರು. ವೈದ್ಯೆ ಬಿಡುವಿಲ್ಲದೆ ಕಾರ್ಡ್ ನೋಡಿ, ಸಂಖ್ಯೆ ನೋಡಿ, ಚೀಟಿ ಬರೆಯಲು ಪೆನ್ ತೆಗೆದರು.

ಶೇವಂತಾಬಾಯಿ ಎದ್ದು ನಿಂತಳು. ನಿಂತವಳು ಮೇಜಿನ ಅಂಚು ಹಿಡಿದಳು. ಬೆರಳುಗಳು ಬಿಳಿಚಿದ್ದವು. ಮುಖದಲ್ಲಿ ಮಾತ್ರ ಪಾಸಾದ ಸಂತೋಷ.

ನಮ್ಮ ವೃತ್ತಿಯಲ್ಲಿ ಮೊದಲ ದಿನವೇ ಹೇಳಿಕೊಡುವ ಒಂದು ಪಾಠವಿದೆ. ವರದಿಗಾರ ಸುದ್ದಿಯ ಹೊರಗೆ ನಿಲ್ಲಬೇಕು. ನೋಡಬೇಕು, ಬರೆದುಕೊಳ್ಳಬೇಕು, ಬಸ್ಸು ಹತ್ತಬೇಕು. ಮೂವತ್ತು ವರ್ಷ ನಾನು ಇದನ್ನು ಎಷ್ಟು ಚೆನ್ನಾಗಿ ಪಾಲಿಸಿದ್ದೇನೆಂದರೆ, ಅದಕ್ಕಾಗಿ ಒಂದೆರಡು ಶಾಲು, ಹಣ್ಣಿನ ಬುಟ್ಟಿಗಳೂ ಸಿಕ್ಕಿವೆ. ಈಗೇನು ಮಾಡಬೇಕು? ಬಾಯಿ ಬಿಟ್ಟರೆ ಗಂಡ ಹೆಂಡಿರ ಆರು ತಿಂಗಳ ದುಡಿಮೆ ಹೋಗುತ್ತದೆ. ಬಿಡದಿದ್ದರೆ ಎದುರಿಗಿರುವ ಹೆಂಗಸು ಇಲ್ಲೇ ಬೀಳುತ್ತಾಳೆ, ಇಲ್ಲವೇ ಇದೇ ಉಪಾಯವನ್ನು ಕಬ್ಬಿನ ಹೊಲಕ್ಕೂ ಒಯ್ಯುತ್ತಾಳೆ. ಅಲ್ಲಿ ತಿಂಗಳಿಗೊಮ್ಮೆ ಶಿಬಿರ ಬರುವುದಿಲ್ಲ.

‘ಡಾಕ್ಟ್ರೇ’ ಎಂದೆ. ‘ಅವರು ಬೆಳಿಗ್ಗೆ ಮೂರು ಗುಳಿಗೆ ಒಟ್ಟಿಗೆ ತಗೊಂಡಾರ. ಉಪ್ಪು ಪೂರಾ ಬಿಟ್ಟಾರ.’

ಪೆನ್ ನಿಂತಿತು. ವೈದ್ಯೆ ತಲೆಯೆತ್ತಿ ಆಗ ಮೊದಲ ಬಾರಿಗೆ ಕಾರ್ಡನ್ನು ಬಿಟ್ಟು ಮುಖ ನೋಡಿದರು. ಸಹಾಯಕನ ಮೇಲೆ ಒಂದು ನೋಟ ಬೀರಿ, ತಾವೇ ಎದ್ದು ಶೇವಂತಾಬಾಯಿಯನ್ನು ಬೆಂಚಿನ ಮೇಲೆ ಮಲಗಿಸಿದರು. ಕಾಲ ಕೆಳಗೆ ಶಾಲೆಯ ಸ್ಟೂಲ್ ಇಡಿಸಿದರು. ಇನ್ನೊಮ್ಮೆ ಬಿಪಿ ನೋಡಿದರು. ಇನ್ನೂ ಇಳಿದಿತ್ತು. ಓಆರ್‌ಎಸ್ ಪೊಟ್ಟಣ ಹರಿದು, ನೀರಿನಲ್ಲಿ ಕಲಸಿ, ಗುಟುಕು ಗುಟುಕಾಗಿ ಕುಡಿಸಿದರು.

‘ಇದರಾಗ ಉಪ್ಪದಲ್ರಿ!’ ಮಲಗಿದಲ್ಲಿಂದಲೇ ಶೇವಂತಾಬಾಯಿ ಮುಖ ತಿರುಗಿಸಿದಳು. ‘ಉಪ್ಪು ಬಿಡು ಅಂದವ್ರೂ ನೀವೇ. ಉಪ್ಪಿನ ನೀರು ಕುಡಸ್ಲತ್ತವ್ರೂ ನೀವೇ.’

‘ಕಡಿಮೆ ಮಾಡಿ ಅಂದಿದ್ದಮ್ಮ. ಬಿಸಿಲಲ್ಲಿ ಮಣ್ಣು ಹೊರೋರು ಪೂರ್ತಿ ಬಿಟ್ಟರೆ ಹೇಗೆ?’ ಎಂದರು ವೈದ್ಯೆ. ಅವರು ದಕ್ಷಿಣದ ಕಡೆಯವರು. ದನಿಯಲ್ಲಿ ಸಿಟ್ಟಿರಲಿಲ್ಲ, ಆಯಾಸವಿತ್ತು. ‘ದಿನಕ್ಕೆ ಒಂದೇ ಗುಳಿಗೆ. ತಪ್ಪಿಸಬಾರದು, ಸೇರಿಸಿಯೂ ತಗೋಬಾರದು. ಅಡುಗೆಗೆ ಸ್ವಲ್ಪ ಉಪ್ಪು ಇರಲಿ. ಒಂದು ತಿಂಗಳು ಹೀಗೆ ಮಾಡಿ ಬನ್ನಿ, ಆಮೇಲೆ ಚೀಟಿ ನೋಡೋಣ.’

‘ಟೋಳಿ ನಾಕ ದಿನಕ್ಕ ಹೋಗ್ತದ್ರಿ ಬಾಯಿ.’

‘ಈ ಸ್ಥಿತಿಯಲ್ಲಿ ನಾನು ಹೇಗಮ್ಮ ಬರೆದುಕೊಡಲಿ?’

ಗದ್ದಲ ಕೇಳಿ ಮಾರುತಿ ಒಳಗೆ ಬಂದ. ಹೆಂಡತಿಯ ಹಣೆ ಮುಟ್ಟಿ ನೋಡಿದ. ಏನಾಯಿತೆಂದು ಯಾರೋ ಹೇಳಿದರು. ಅವನು ನನ್ನೆದುರು ಬಂದು ನಿಂತ. ಬೈಯಲಿಲ್ಲ. ಬೈದಿದ್ದರೆ ನನಗೂ ಅನುಕೂಲವಾಗುತ್ತಿತ್ತು.

‘ಸಾಹೇಬ್ರ, ನೀವು ಬರೀಲಾಕ ಬಂದಿದ್ರೋ, ಹೇಳ್ಲಾಕ ಬಂದಿದ್ರೋ?’

ಬೆಂಚಿನ ಮೇಲಿಂದ ಶೇವಂತಾಬಾಯಿ ನನ್ನನ್ನು ನೋಡುತ್ತಿದ್ದಳು. ‘ನಮ್ಮವ್ರೇ ಅಂತ ಹೇಳಿದ್ನಲ್ರಿ ಅಣ್ಣಾರ’ ಎಂದಳು. ಅಷ್ಟೇ.

ಅವಳ ಬಿಪಿ ನೂರರ ಮೇಲೆ ಬರುವವರೆಗೆ ವೈದ್ಯೆ ಜಾಗ ಬಿಟ್ಟು ಕದಲಲಿಲ್ಲ. ಆಮೇಲೆ ಆಂಬುಲೆನ್ಸ್ ಕರೆಸಿ ಔರಾದಿನ ಆಸ್ಪತ್ರೆಗೆ ಕಳಿಸಿದರು. ಮರುದಿನ ಮನೆಗೆ ಬಂದಳಂತೆ.

ನಾನು ಬೀದರಿಗೆ ಬಂದು ವಲಸೆಯ ವರದಿ ಬರೆದೆ. ಚೆನ್ನಾಗಿದೆ ಎಂದರು. ಶಿಬಿರದ ಬಗ್ಗೆ ಅದರಲ್ಲಿ ಒಂದೇ ಸಾಲಿತ್ತು: ‘ಗ್ರಾಮಸ್ಥರು ಶಿಬಿರದ ಪ್ರಯೋಜನ ಪಡೆದರು.’ (ಈ ಸಾಲನ್ನು ನಾವು ಅಚ್ಚು ಹಾಕಿಟ್ಟುಕೊಂಡಿರುತ್ತೇವೆ. ಊರಿನ ಹೆಸರು ಬದಲಿಸಿದರೆ ಸಾಕು.)

ಡಾಕ್ಟರ ಹಾಳೆಯನ್ನು ಮತ್ತೆ ತೆಗೆದು ಓದಿದೆ. ಭಜ್ಜಿಯ ಬಂಡಿಯ ಕಡೆ ಹೋಗುವುದನ್ನು ನಿಲ್ಲಿಸಿದೆ. ವೈರಾಗ್ಯದಿಂದಲ್ಲ. ಒಬ್ಬ ಹೆಂಗಸು ಒಂದು ತಿಂಗಳು ಉಪ್ಪಿಲ್ಲದೆ ಮಣ್ಣು ಹೊತ್ತಿದ್ದನ್ನು ಕೇಳಿದ ಮೇಲೆ ಮಿರ್ಚಿಗೆ ಕೈ ಚಾಚುವುದು ಸ್ವಲ್ಪ ಅಸಭ್ಯ ಅನ್ನಿಸಿತು. ನನ್ನ ನಂಬರ್ ಈಗ ಇಳಿಯುತ್ತಿದೆ. ಜೀವನಶೈಲಿ ಬದಲಿಸಿದರೆ ಖಂಡಿತ ಇಳಿಯುತ್ತದೆ ಸ್ವಾಮಿ. ಜೀವನ ಒಂದು ಕಡೆ ನಿಂತಿರಬೇಕು, ಅಷ್ಟೇ.

ಒಂದು ತಿಂಗಳ ನಂತರ ಅದೇ ಊರಿಗೆ ಮತ್ತೆ ಹೋದೆ. ಸಂಪಾದಕರು ಕಳಿಸಿರಲಿಲ್ಲ. ಅದೇ ಪಡಸಾಲೆ, ಅದೇ ಚಾರ್ಟ್. ಜನ ಮಾತ್ರ ಇಲ್ಲ. ಬಂದವರು ಹಳೆಯ ಕಾರ್ಡಿನ ಹತ್ತು ಹನ್ನೆರಡು ಮಂದಿ.

‘ಹೊಸಬರು ಯಾರೂ ಬರ್ಲಿಲ್ಲೇನು?’ ಸಹಾಯಕನನ್ನು ಕೇಳಿದೆ.

‘ಒಬ್ಬರೂ ಇಲ್ರಿ. ಮೈಕ್‌ನಾಗ ಕೂಗಿದ್ರೂ ಬರ್ಲಿಲ್ಲ. ಈ ಊರಾಗ ಹೊಸಾ ಬಿಪಿ ನಿಲ್ ಅದ’ ಎಂದ. ಮೇಲಿನವರಿಗೆ ಹೋಗುವ ವರದಿಯಲ್ಲಿ ಅದು ದೊಡ್ಡ ಸಾಧನೆಯಾಗಿ ಕಾಣಬಹುದು. ಪ್ರಶಸ್ತಿ ಬಂದರೂ ಆಶ್ಚರ್ಯವಿಲ್ಲ.

ಕಾರಣ ಹೇಳಿದ್ದು ಶೇವಂತಾಬಾಯಿ. ಅವಳು ಬೆಂಚಿನ ಮೇಲೆ ಕೂತಿದ್ದಳು. ನನ್ನನ್ನು ನೋಡಿ ಸ್ವಲ್ಪ ಸರಿದು ಜಾಗ ಮಾಡಿದಳು. ಅದು ಕ್ಷಮೆಯೋ, ಬೆಂಚಿನ ಶಿಷ್ಟಾಚಾರವೋ ತಿಳಿಯಲಿಲ್ಲ.

‘ಮಾರುತಿ ಎಲ್ಲಿ?’

‘ಹೋಗ್ಯಾರ್ರಿ ಕಬ್ಬಿಗಿ.’

‘ಜೋಡಿ?’

‘ಅವರಕ್ಕ, ಕೊಂಡಾಬಾಯಿ. ನನಕಿಂತ ಹತ್ತ ವರ್ಷಕ ದೊಡ್ಡಾಕಿ. ಅಕ್ಕ-ತಮ್ಮ ಆದ್ರೂ ನಡೀತದ, ಜೋಡಿ ಆದ್ರ ಆಯ್ತು.’

‘ಅವರಿಗಿ ಬಿಪಿ ಇಲ್ಲೇನು?’

‘ಇಲ್ರಿ. ಮೆಟ್ಟಲ ಏರಿದ್ರ ಎದಿ ಹಿಡಕೋತಾಳ. ಮುಂಜಾನಿ ಎದ್ರ ತಲಿ ಗಿರ್ರ್ ಅಂತದ. ಖರೆ ಬಿಪಿ ಇಲ್ಲ.’ ನನ್ನ ಮುಖ ನೋಡಿ ಅವಳೇ ಬಿಡಿಸಿ ಹೇಳಿದಳು. ‘ತೋರಿಸೇ ಇಲ್ಲಲ್ರಿ. ಗುಳಗಿ ತಗೊಳ್ಳೋರಿಗಷ್ಟೇ ಚೀಟಿ ಕೇಳ್ತಾನ ಮುಕಾದಮ. ಅದಕ ಹೆಂಗಸರೆಲ್ಲಾ ನಿರ್ಣಯ ಮಾಡ್ಯಾರ, ಇನ್ನ ಮ್ಯಾಲ ಆ ಮಷಿನ್‌ಗ ಕೈ ಕೊಡಬಾರ್ದು ಅಂತ.’

ಆ ನಿರ್ಣಯಕ್ಕೆ ಕಾರಣ ಯಾರೆಂದು ಅವಳು ಹೇಳಲಿಲ್ಲ.

ಅವಳ ಹೆಸರು ಕರೆದರು. ನೂರಾ ಇಪ್ಪತ್ತೆಂಟು, ಎಂಬತ್ತೆರಡು. ದಿನಕ್ಕೊಂದು ಗುಳಿಗೆ, ಚಿಟಿಕೆ ಉಪ್ಪು, ಚೆನ್ನಾಗಿ ನಿದ್ದೆ. (ಕೆಲಸವಿಲ್ಲದವರಿಗೆ ವಿಶ್ರಾಂತಿ ತಾನಾಗಿಯೇ ಸಿಗುತ್ತದೆ.) ವೈದ್ಯೆ ಎರಡು ಸಲ ಪರೀಕ್ಷಿಸಿದರು, ಮೂರು ಪ್ರಶ್ನೆ ಕೇಳಿದರು. ನಂತರ ಬಹಳ ಸಂತೋಷದಿಂದ ಚೀಟಿ ಬರೆದು, ಸಹಿ ಹಾಕಿ, ಮೊಹರು ಒತ್ತಿ ಕೊಟ್ಟರು.

ಶೇವಂತಾಬಾಯಿ ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಖಾಲಿ ಪಡಸಾಲೆಯನ್ನು ನೋಡಿದಳು. ಕೊನೆಗೆ ನನ್ನನ್ನು ಕೇಳಿದಳು:

‘ಚಲೋ ಬಂದದಲ್ರಿ ಅಣ್ಣಾರ. ಈಗ ಇದನ್ನ ಯಾರಿಗಿ ತೋರಸ್ಲಿ?’